ಗುಂಡಿ ಒತ್ತಿದ ಮೇಲೆ ಹಣ ಯಾರ ಕೈಯಲ್ಲಿ?

ಅಂಗಡಿಯಲ್ಲಿ ರೊಕ್ಕ ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿದರೆ ವ್ಯಾಪಾರ ಮುಗಿಯಿತು. ಕೊಟ್ಟವನಿಗೆ ಸರಕು, ಪಡೆದವನಿಗೆ ದುಡ್ಡು, ನಡುವೆ ಮೂರನೆಯವನಿಲ್ಲ. ಇಂದು ಗಿರಣಿಯ ಪಾಳಿ ಮುಗಿಸಿ ಬಂದ ಕಾರ್ಮಿಕನು ಮೊಬೈಲಿನಲ್ಲೇ ಇಳಕಲ್ಲಿನ ಸೀರೆಯೊಂದನ್ನು ಆರಿಸಿ, ಗುಂಡಿ ಒತ್ತಿ ಸಾವಿರ ರೂಪಾಯಿ ಕಳುಹಿಸುತ್ತಾನೆ. ‘ಹಣ ಸಂದಿದೆ’ ಎಂಬ ಮಾತು ಪರದೆಯ ಮೇಲೆ ಮೂಡುತ್ತದೆ. ಸಂದಿರುವುದು ಯಾರಿಗೆ? ಸೀರೆ ಮಾರಿದವನ ಕೈಗೆ ಅದು ಸಾಮಾನ್ಯವಾಗಿ ಆ ಕ್ಷಣದಲ್ಲಿ ಬಂದಿರುವುದಿಲ್ಲ. ನಡುವಣ ಈ ದಾರಿಯನ್ನು ಅರಿಯದಿದ್ದರೆ ಕೊಳ್ಳುವವನಿಗೂ ನಷ್ಟ, ಮಾರುವವನಿಗೂ ನಷ್ಟ. ಆದುದರಿಂದ ಈ ವಾರ ಅದನ್ನೇ ವಿಚಾರಿಸಲು ಹೊರಟಿದ್ದೇವೆ.

ದಾರಿಯಲ್ಲಿ ಮೊದಲು ನಿಂತಿರುವವನು ಹಣ ವಸೂಲು ಮಾಡಿಕೊಡುವ ಕಂಪನಿಯವನು. ಪೇಮೆಂಟ್ ಅಗ್ರಿಗೇಟರ್ ಎಂದು ಅವನ ಹೆಸರು. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ವಸೂಲಿಯ ದಲ್ಲಾಳಿ. ಕೊಳ್ಳುವವನು ಯು.ಪಿ.ಐ. ಮೂಲಕ ಕೊಡುವುದಾದರೆ, ದಲ್ಲಾಳಿಯ ಬ್ಯಾಂಕಿನಿಂದ ಬೇಡಿಕೆಯೊಂದು ರಾಷ್ಟ್ರೀಯ ಪಾವತಿ ನಿಗಮಕ್ಕೆ ಹೋಗುತ್ತದೆ. 2008ರಲ್ಲಿ ರಿಸರ್ವ್ ಬ್ಯಾಂಕು ಮತ್ತು ಬ್ಯಾಂಕುಗಳ ಸಂಘ ಸೇರಿ ಸ್ಥಾಪಿಸಿದ ಈ ನಿಗಮವೇ 2016ರಲ್ಲಿ ಯು.ಪಿ.ಐ. ಆರಂಭಿಸಿತು. ನಿಗಮವು ಕೊಳ್ಳುವವನ ಬ್ಯಾಂಕನ್ನು ಕೇಳುತ್ತದೆ. ಬ್ಯಾಂಕು ಗುಪ್ತಸಂಖ್ಯೆಯನ್ನೂ ಖಾತೆಯ ಬಾಕಿಯನ್ನೂ ನೋಡಿ ಹಣ ಕಳೆಯುತ್ತದೆ. ಒಪ್ಪಿಗೆಯ ಮಾತು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಇಷ್ಟೆಲ್ಲ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ. ಆದರೆ ಆ ಹೊತ್ತಿನಲ್ಲಿ ಓಡಿದ್ದು ಮಾತು. ಬ್ಯಾಂಕು ಬ್ಯಾಂಕುಗಳ ನಡುವಿನ ಲೆಕ್ಕವು ಆಮೇಲೆ, ದಿನದಲ್ಲಿ ಹಲವು ಸಲ, ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಚುಕ್ತಾ ಆಗುತ್ತದೆ. ಹುಂಡಿಯ ವ್ಯವಹಾರ ಬಲ್ಲ ಹಳೆಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಡಿನ ದಾರಿಯೂ ಹೀಗೆಯೇ. ಅಲ್ಲಿ ನಿಗಮದ ಸ್ಥಾನದಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ನಮ್ಮದೇ ಆದ ರುಪೇ ಜಾಲವಿರುತ್ತದೆ. ಕಾರ್ಡಿನ ಸಂಖ್ಯೆಯನ್ನು ಅಂಗಡಿಯವರು ತಮ್ಮಲ್ಲಿ ಕೂಡಿಟ್ಟುಕೊಳ್ಳುವುದನ್ನು ರಿಸರ್ವ್ ಬ್ಯಾಂಕು 2022ರ ಅಕ್ಟೋಬರಿನಿಂದ ನಿಲ್ಲಿಸಿತು. ಈಗ ಅಂಗಡಿಯಲ್ಲಿ ಉಳಿಯುವುದು ಅದರ ಬದಲಿ ಸಂಖ್ಯೆ ಮಾತ್ರ. ಒಂದು ಅಂಗಡಿಗೆ ಕನ್ನ ಬಿದ್ದರೆ ಸಾವಿರ ಜನರ ಖಾತೆ ಬರಿದಾಗಬಾರದೆಂಬುದೇ ಇದರ ಉದ್ದೇಶ.

ವಸೂಲಾದ ಹಣವು ದಲ್ಲಾಳಿಯ ಹತ್ತಿರ ಹೇಗಿರಬೇಕೆಂಬುದಕ್ಕೂ ಕಟ್ಟಳೆಯಿದೆ. ಅದನ್ನು ತನ್ನ ಸ್ವಂತ ಹಣದೊಡನೆ ಬೆರೆಸದೆ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ರಿಸರ್ವ್ ಬ್ಯಾಂಕು 2020ರ ಮಾರ್ಚಿನಲ್ಲಿ ವಿಧಿಸಿತು. ಒಳ್ಳೆಯ ಕಟ್ಟಳೆ. ಆದರೆ ಹಣ ಭದ್ರವಾಗಿದ್ದರೆ ಸಾಲದು, ಬೇಗ ಬರಬೇಕು. ದೊಡ್ಡ ಆನ್‌ಲೈನ್ ಸಂತೆಗಳಲ್ಲಿ ಮಾರುವ ಸಣ್ಣ ವರ್ತಕನು ಕಮಿಷನ್, ಸಾಗಾಣಿಕೆ, ವಾಪಸು ಬಂದ ಸರಕಿನ ಖರ್ಚು ಎಲ್ಲವನ್ನೂ ಕಳೆದ ಮೇಲೆ ಉಳಿದುದಕ್ಕಾಗಿ ದಿನಗಟ್ಟಲೆ ಕಾಯುತ್ತಾನೆ. ನೇಕಾರನಿಗೆ ಅವನು ಕೊಡಬೇಕಾದ ಹಣ ಮಾತ್ರ ಕಾಯುವುದಿಲ್ಲ. ಕಂಪನಿಯನ್ನು ಕೇಳಹೋದರೆ ಉತ್ತರಿಸುವುದು ಯಂತ್ರ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.

ಇನ್ನು ಸುಂಕದ ಮಾತು. ಯು.ಪಿ.ಐ. ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ವರ್ತಕನಿಂದ ಬ್ಯಾಂಕಿನ ಶುಲ್ಕ ಪಡೆಯಕೂಡದೆಂದು 2020ರ ಜನವರಿ 1ರಿಂದ ಸರಕಾರ ಗೊತ್ತುಮಾಡಿತು. ಬೇರೆ ಡೆಬಿಟ್ ಕಾರ್ಡುಗಳಿಗೆ 2018ರಲ್ಲಿ ಮಿತಿ ಹಾಕಲಾಯಿತು: ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟುಳ್ಳವರಿಗೆ ನೂರು ರೂಪಾಯಿಗೆ 40 ಪೈಸೆ, ಮೇಲ್ಪಟ್ಟವರಿಗೆ 90 ಪೈಸೆ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯನ್ನು ಹಾಕಲಿಲ್ಲ. ನೂರಕ್ಕೆ 2 ರೂಪಾಯಿ ಎಂದಿಟ್ಟುಕೊಂಡರೂ ಸಾವಿರದ ಸೀರೆಯಲ್ಲಿ 20 ರೂಪಾಯಿ ಹೋಯಿತು. ವರ್ತಕನಿಗೆ ಉಳಿಯುವುದು ನೂರೇ ಆದರೆ, ಲಾಭದ ಐದರಲ್ಲೊಂದು ಪಾಲು ದಾರಿಯಲ್ಲೇ ಕರಗಿತು.

ಯು.ಪಿ.ಐ. ಪುಕ್ಕಟೆ ಎಂಬ ಮಾತೂ ಪೂರ್ತಿ ನಿಜವಲ್ಲ. ಯಂತ್ರಗಳಿಗೂ ಅವನ್ನು ನಡೆಸುವ ಕೈಗಳಿಗೂ ಖರ್ಚಿದೆ. ಸಣ್ಣ ವರ್ತಕರಿಗೆ ಸಲ್ಲುವ 2,000 ರೂಪಾಯಿಯವರೆಗಿನ ಪಾವತಿಗಳ ಪ್ರೋತ್ಸಾಹಕ್ಕೆಂದು 2024-25ನೇ ಸಾಲಿಗೆ ಕೇಂದ್ರ ಸರಕಾರ ಸುಮಾರು 1,500 ಕೋಟಿ ರೂಪಾಯಿ ಮಂಜೂರು ಮಾಡಿತು. ಅದು ನಮ್ಮೆಲ್ಲರ ತೆರಿಗೆಯ ಹಣ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯು.ಪಿ.ಐ. ವ್ಯವಹಾರಗಳು 2,000 ಕೋಟಿಯನ್ನು ದಾಟಿದವು. ಅವುಗಳಲ್ಲಿ ಬಹುಪಾಲು ಹಾದುಹೋದದ್ದು ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಬಾಗಿಲುಗಳ ಮೂಲಕ. ಯಾವೊಂದು ಆ್ಯಪ್ ಕೂಡ ನೂರಕ್ಕೆ 30ನ್ನು ಮೀರಬಾರದೆಂದು ನಿಗಮ 2020ರಲ್ಲೇ ಹೇಳಿತು. ಜಾರಿಯ ಗಡುವನ್ನು 2026ರ ಕೊನೆಗೆ ಮುಂದೂಡಿತು. ಸಾರ್ವಜನಿಕರ ಹಣದಿಂದ ಸವೆಸಿದ ರಸ್ತೆಗೆ ಎರಡೇ ಹೆಬ್ಬಾಗಿಲು ಉಳಿದರೆ, ನಾಳೆ ಸುಂಕ ಕೂರಿಸುವ ಕಾಲಕ್ಕೆ ಸಣ್ಣವನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಹಣ ದಾರಿಯಲ್ಲೇ ಸಿಕ್ಕಿಕೊಂಡರೆ? ಖಾತೆಯಲ್ಲಿ ಕಳೆದಿದೆ, ಅಂಗಡಿಯವನು ಬಂದಿಲ್ಲವೆನ್ನುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಸುಮ್ಮನಿರಬೇಕಾಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ ನಿಯಮದಂತೆ ಅಂಥ ಹಣವು ವ್ಯವಹಾರದ ದಿನದಿಂದ 5 ದಿನಗಳೊಳಗೆ ತಾನಾಗಿ ಹಿಂತಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು, ಅದೂ ಗ್ರಾಹಕನ ಅರ್ಜಿಗೆ ಕಾಯದೆ. ದಿನದ ಕೂಲಿಯಿಂದ ಉಳಿಸಿದ ಸಾವಿರ ರೂಪಾಯಿ ಒಂದು ವಾರ ಕಾಣೆಯಾದರೆ ಬಡವನ ಮನೆಯಲ್ಲಿ ಏನಾಗುವುದೆಂಬುದನ್ನು ನಾವು ಬಲ್ಲೆವು. ಹಕ್ಕು ಹಾಳೆಯ ಮೇಲಿದ್ದರೆ ಸಾಲದು, ಕೇಳುವ ಬಾಯಿ ಬೇಕು.

ಮತ್ತೊಂದು ಎಚ್ಚರಿಕೆ. ಯು.ಪಿ.ಐ. ಗುಪ್ತಸಂಖ್ಯೆ ಒತ್ತಿದಿರೆಂದರೆ ಹಣ ತೆಗೆಯಲು ಒಪ್ಪಿಗೆ ಕೊಟ್ಟಿರೆಂದೇ ಅರ್ಥ. ಹಣ ಪಡೆಯಲು ಅದು ಬೇಕಾಗಿಲ್ಲ. ‘ನಿಮ್ಮ ಹಣ ವಾಪಸು ಹಾಕುತ್ತೇವೆ, ಪಿನ್ ಒತ್ತಿ’ ಎಂದವನು ಕಳ್ಳನೇ ಸರಿ. ಮೋಸ ಹೋದದ್ದು ತಿಳಿದ ಕೂಡಲೆ ನಾಚಿಕೆಪಡದೆ 1930 ಸಂಖ್ಯೆಗೂ ನಿಮ್ಮ ಬ್ಯಾಂಕಿಗೂ ತಿಳಿಸಿರಿ. ತಡವಾದಷ್ಟೂ ಹಣ ಕೈ ದಾಟುತ್ತದೆ.

ನಮ್ಮ ಒತ್ತಾಯ ಇಷ್ಟೇ. ಮಾರುವವನಿಗೆ ಹಣ ಯಾವ ದಿನ ಸೇರುತ್ತದೆ, ಎಷ್ಟು ಕಡಿತವಾಗುತ್ತದೆ ಎಂಬುದನ್ನು ಕಂಪನಿಗಳು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಬರೆದುಕೊಡಬೇಕು. ದಿನಕ್ಕೆ 100 ರೂಪಾಯಿಯ ನಿಯಮವನ್ನು ಪ್ರತಿ ಬ್ಯಾಂಕಿನ ಬಾಗಿಲಲ್ಲಿ ತೂಗುಹಾಕಬೇಕು. ಮುಂದೆ ಸುಂಕ ಬಂದರೂ ಸಣ್ಣ ವರ್ತಕನ ಮೇಲೆ ಬೀಳಕೂಡದು. ಓದುಗರು ಮಾಡಬೇಕಾದ ಕೆಲಸವೂ ಒಂದಿದೆ: ಪ್ರತಿ ಪಾವತಿಯ ದಿನಾಂಕವನ್ನೂ ವ್ಯವಹಾರದ ಸಂಖ್ಯೆಯನ್ನೂ ಬರೆದಿಡಿರಿ. ಬ್ಯಾಂಕಿನ ಕಿಟಕಿಯ ಮುಂದೆ ನಿಂತಾಗ ನಿಮ್ಮ ಪರವಾಗಿ ಮಾತಾಡುವುದು ಆ ಒಂದು ಸಾಲು.