ತಾಂಜಾನಿಯಾದ ಹುಡುಗಿಯರಿಗೆ ಇಂಗ್ಲಿಷ್ ಯಾಕೆ ಬೇಕು?

ಪೂರ್ವ ಆಫ್ರಿಕಾದ ತಾಂಜಾನಿಯಾ ತನ್ನ ಶಿಕ್ಷಣ ನೀತಿಯನ್ನು ತಿದ್ದಿ 2025ರ ಆರಂಭದಲ್ಲಿ ಪ್ರಕಟಿಸಿತು. ಕಡ್ಡಾಯ ಶಿಕ್ಷಣದ ಅವಧಿ ಏಳರಿಂದ ಹತ್ತು ವರ್ಷಕ್ಕೆ ಏರಿದೆ: ಪ್ರಾಥಮಿಕ ಆರು ವರ್ಷ, ಮಾಧ್ಯಮಿಕ ನಾಲ್ಕು ವರ್ಷ. ಸುದ್ದಿ ಒಳ್ಳೆಯದೇ. ಆದರೆ ಅಲ್ಲಿ ಸರಕಾರಿ ಪ್ರಾಥಮಿಕ ಶಾಲೆಯ ಪಾಠ ಸ್ವಾಹಿಲಿಯಲ್ಲಿ ನಡೆಯುತ್ತದೆ, ಮಾಧ್ಯಮಿಕದ ಪಾಠ ಇಂಗ್ಲಿಷಿನಲ್ಲಿ. ಈವರೆಗೆ ಪ್ರಾಥಮಿಕದೊಂದಿಗೆ ಓದು ನಿಲ್ಲಿಸುತ್ತಿದ್ದ ಮಕ್ಕಳೂ ಇನ್ನು ಮುಂದೆ ಈ ಇಂಗ್ಲಿಷಿನ ಗೋಡೆಯ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಅವರಲ್ಲಿ ಹುಡುಗಿಯರ ಪಾಡೇನು ಎಂಬುದನ್ನು ನಾವಿಲ್ಲಿ ನೋಡಬೇಕೆಂದಿದ್ದೇವೆ.

ಗಡಿನಾಡ ಕನ್ನಡ ಸಂಘದ ಪುಟದಲ್ಲಿ ಆಫ್ರಿಕಾದ ಸುದ್ದಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪ್ಲಸ್ ಟೂಗೆ ಹೋದರೆ ಇಂಗ್ಲಿಷ್ ಎಂಬ ಲೆಕ್ಕ ಗೊತ್ತಿರುವ ಕಾಸರಗೋಡಿನವರು ಹಾಗೆ ಕೇಳಲಾರರು. ತಾಂಜಾನಿಯಾದಲ್ಲಿ 120ಕ್ಕೂ ಹೆಚ್ಚು ಭಾಷೆಗಳಿವೆ. ಮುವಾಂಜಾ ಕಡೆ ಸುಕುಮಾ, ಕಿಲಿಮಂಜಾರೋ ತಪ್ಪಲಲ್ಲಿ ಚಗ್ಗಾ, ಉತ್ತರದ ಹುಲ್ಲುಗಾವಲಲ್ಲಿ ಮಸಾಯಿ ಜನರ ಮಾ. ಮಸಾಯಿ ಹುಡುಗಿ ಆರೇಳು ವಯಸ್ಸಿಗೆ ಸ್ವಾಹಿಲಿಗೆ ಹೊಂದಿಕೊಳ್ಳುತ್ತಾಳೆ. ಅದು ಕೈಗೆ ಬಂತು ಅನ್ನುವಾಗ, ಹದಿಮೂರು ಹದಿನಾಲ್ಕರಲ್ಲಿ, ಪುನಃ ಎಲ್ಲವೂ ಬದಲಾಗುತ್ತದೆ.

ಈ ವ್ಯವಸ್ಥೆ ಹೇಗೆ ಬಂತು? ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸ್ವಾಹಿಲಿಯನ್ನು ದೇಶ ಕಟ್ಟುವ ಭಾಷೆಯಾಗಿ ಬೆಳೆಸಿದರು. ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ಸ್ವತಃ ಸ್ವಾಹಿಲಿಗೆ ತಂದವರು ಅವರು. 1967ರ ಹೊತ್ತಿಗೆ ಪ್ರಾಥಮಿಕ ಶಿಕ್ಷಣ ಸ್ವಾಹಿಲಿಗೆ ಬಂತು, ಮಾಧ್ಯಮಿಕವೂ ಬರುತ್ತದೆ ಎಂಬ ನಿರೀಕ್ಷೆ ಇತ್ತು. ಮಕ್ವೆಟಾ ಆಯೋಗ 1982ರಲ್ಲಿ ಅದನ್ನೇ ಶಿಫಾರಸು ಮಾಡಿತು. ಸರಕಾರ ಒಪ್ಪಲಿಲ್ಲ. ಇಂಗ್ಲಿಷ್ ಎಂದರೆ ಜಗತ್ತಿನ ಸ್ವಾಹಿಲಿ, ಅದನ್ನು ಬಿಡಲಾಗದು ಎಂಬ ಅರ್ಥದ ಮಾತನ್ನು ಆಗ ನ್ಯೆರೆರೆಯವರೇ ಆಡಿದರು. ಅದೇ ಹೊತ್ತಿಗೆ, 1984ರಲ್ಲಿ, ಇಬ್ಬರು ಬ್ರಿಟಿಷ್ ತಜ್ಞರು ಅಲ್ಲಿನ ಮಾಧ್ಯಮಿಕ ಶಾಲೆಗಳನ್ನು ಪರೀಕ್ಷಿಸಿದರು. ಮಕ್ಕಳ ಇಂಗ್ಲಿಷ್ ಪಾಠ ಅರ್ಥವಾಗುವ ಮಟ್ಟದಲ್ಲಿಲ್ಲ ಎಂದು ಬರೆದರು, ಆದರೂ ಇಂಗ್ಲಿಷನ್ನೇ ಉಳಿಸಿ ಬಲಪಡಿಸಿ ಎಂದು ಸಲಹೆ ಕೊಟ್ಟರು. ಕಾಯಿಲೆಯನ್ನು ಸರಿಯಾಗಿ ಗುರುತಿಸಿ ಮದ್ದು ಮಾತ್ರ ಹಳೆಯದನ್ನೇ ಬರೆದ ಹಾಗೆ. 2014ರ ನೀತಿ ಸ್ವಾಹಿಲಿಗೆ ಬಾಗಿಲು ತೆರೆದಂತೆ ಕಂಡಿತು, ಕೆಲಸ ಮಾತ್ರ ಮುಂದಕ್ಕೆ ಹೋಗಲಿಲ್ಲ.

ಇಷ್ಟೆಲ್ಲ ಇದ್ದೂ ಅಲ್ಲಿನ ಹುಡುಗಿಯರು ಇಂಗ್ಲಿಷ್ ಬೇಡ ಎನ್ನುವುದಿಲ್ಲ, ಹಟ ಹಿಡಿದು ಬೇಕು ಎನ್ನುತ್ತಾರೆ. ಇದನ್ನು ಕಂಡು ಭಾಷಾಭಿಮಾನಿಗಳು ವಸಾಹತು ಕಾಲದ ಗುಲಾಮಗಿರಿ ಇನ್ನೂ ಹೋಗಿಲ್ಲ ಎಂದು ಬೇಸರಪಡುತ್ತಾರೆ. ನಮ್ಮ ಸಭೆಗಳಲ್ಲೂ ಈ ಧಾಟಿಯ ಭಾಷಣ ಕೇಳಿಯೇ ಇದ್ದೇವೆ. ನಮಗೆ ಈ ತೀರ್ಪು ಅವಸರದ್ದು ಅನಿಸುತ್ತದೆ.

ಆ ವಯಸ್ಸಿನ ಹುಡುಗಿಯ ಮನೆಯ ಲೆಕ್ಕ ನೋಡಿ. ತಾಂಜಾನಿಯಾದ 1971ರ ವಿವಾಹ ಕಾಯಿದೆ ತಂದೆತಾಯಿಯ ಒಪ್ಪಿಗೆ ಇದ್ದರೆ 15 ವರ್ಷದ ಹುಡುಗಿಯ ಮದುವೆಗೆ ಅವಕಾಶ ಕೊಡುತ್ತದೆ, ಹುಡುಗನಿಗೆ 18 ಆಗಬೇಕು. ಇದು ಸಂವಿಧಾನಕ್ಕೆ ವಿರುದ್ಧ ಎಂದು ರೆಬೆಕಾ ಗ್ಯುಮಿ ಎಂಬ ಹೋರಾಟಗಾರ್ತಿ ತಂದ ಮೊಕದ್ದಮೆಯಲ್ಲಿ ಹೈಕೋರ್ಟು 2016ರಲ್ಲಿ ತೀರ್ಪು ಕೊಟ್ಟಿತು, ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ತೀರ್ಪು ಬಂದ ಮಾತ್ರಕ್ಕೆ ಹಳ್ಳಿಯ ಪದ್ಧತಿ ನಿಲ್ಲುವುದಿಲ್ಲ. ಬಸುರಿಯಾದ ವಿದ್ಯಾರ್ಥಿನಿಯನ್ನು ಸರಕಾರಿ ಶಾಲೆಯಿಂದ ಹೊರಹಾಕುವ ಕ್ರಮವೂ ಇತ್ತು. ಅಂಥವರು ಹೆರಿಗೆಯ ಬಳಿಕವೂ ಶಾಲೆಗೆ ಮರಳುವಂತಿಲ್ಲ ಎಂದು 2017ರಲ್ಲಿ ಅಧ್ಯಕ್ಷ ಮಗುಫುಲಿ ಬಹಿರಂಗವಾಗಿಯೇ ಹೇಳಿದ್ದರು. 2021ರ ನವೆಂಬರಿನಲ್ಲಿ ಆ ನಿಷೇಧ ತೆರವಾಯಿತು.

ಅಂದರೆ ಭಾಷೆ ಬದಲಾಗುವ ವರ್ಷವೂ, ಮಗಳನ್ನು ಓದಿಸುವುದೋ ಮದುವೆ ಮಾಡಿಕೊಡುವುದೋ ಎಂದು ಮನೆಯವರು ಯೋಚಿಸುವ ವರ್ಷವೂ ಒಂದೇ. ಮಾಧ್ಯಮಿಕದ ಎರಡನೆಯ ಮತ್ತು ನಾಲ್ಕನೆಯ ವರ್ಷದ ರಾಷ್ಟ್ರೀಯ ಪರೀಕ್ಷೆಗಳಲ್ಲಿ ಸ್ವಾಹಿಲಿ ವಿಷಯ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲಿ. ಅಣ್ಣ ನಪಾಸಾದರೆ ಇನ್ನೊಮ್ಮೆ ಕೂರಲಿ ಎನ್ನುವ ಮನೆ, ತಂಗಿ ನಪಾಸಾದರೆ ಸಾಕು ಬಿಡು ಎನ್ನುವುದು ಸುಲಭ. ಆದ್ದರಿಂದ ಹುಡುಗಿಗೆ ಇಂಗ್ಲಿಷ್ ಎಂದರೆ ಲಂಡನ್ನಿನ ಕನಸಿಗಿಂತ ಮೊದಲು, ಶಾಲೆಯಲ್ಲಿ ಇನ್ನೆರಡು ವರ್ಷ ಉಳಿಯುವ ಪರವಾನಗಿ. ನರ್ಸ್ ಕೋರ್ಸು, ಶಿಕ್ಷಕಿಯ ತರಬೇತಿ, ಅರುಷಾದ ಪ್ರವಾಸಿ ಹೋಟೆಲಿನ ಕೆಲಸ ಇವೆಲ್ಲ ಅದರ ಆಚೆಗಿನವು.

ಭಾಷಾ ಕಲಿಕೆಯ ಪಂಡಿತರು ಬಹುಕಾಲ ಕಲಿಯುವವರ ಪ್ರೇರಣೆಯನ್ನು ಎರಡು ಬಗೆ ಮಾಡುತ್ತಿದ್ದರು: ಆ ಭಾಷೆಯ ಜನರೊಡನೆ ಬೆರೆಯುವ ಆಸೆ, ಇಲ್ಲವೇ ಕೆಲಸ ಸಂಬಳದ ಲಾಭ. ಬಾನಿ ನಾರ್ಟನ್ ಎಂಬ ವಿದ್ವಾಂಸೆ ಕೆನಡಾಕ್ಕೆ ವಲಸೆ ಬಂದ ಹೆಂಗಸರನ್ನು ಅಭ್ಯಾಸ ಮಾಡಿ 1990ರ ದಶಕದಲ್ಲಿ ಬೇರೆ ಮಾತು ಹೇಳಿದರು. ಕಲಿಯುವ ಆಸೆ ಬೇಕಾದಷ್ಟಿದ್ದರೂ, ತನ್ನ ಮಾತಿಗೆ ಬೆಲೆ ಇಲ್ಲದ ಕಡೆ ಕಲಿಯುವವರು ಬಾಯಿ ಬಿಡುವುದಿಲ್ಲ ಎಂಬುದು ಅದರ ತಿರುಳು. ಮುಂದೆ ಅವರು ಪಕ್ಕದ ಉಗಾಂಡಾದಲ್ಲೂ ಕೆಲಸ ಮಾಡಿದರು. ತಾಂಜಾನಿಯಾದ ತರಗತಿಗೆ ಇದು ಹೊಂದುತ್ತದೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವಳನ್ನು ನೋಡಿ ಇವಳಿಗೆ ಆಸಕ್ತಿ ಇಲ್ಲ ಎಂದು ಬರೆಯುವುದು ಅಧ್ಯಾಪಕರಿಗೆ ಸುಲಭ. ತಪ್ಪು ಇಂಗ್ಲಿಷ್ ಆಡಿದರೆ ಹುಡುಗರು ನಗುತ್ತಾರೆ, ಸ್ವಾಹಿಲಿ ಆಡಿದರೆ ಹಲವು ಶಾಲೆಗಳಲ್ಲಿ ಶಿಕ್ಷೆ. ಮೌನವೇ ಕ್ಷೇಮ ಎಂದು ಅವಳು ತೀರ್ಮಾನಿಸಿದರೆ ಅದು ಲೆಕ್ಕ ಹಾಕಿಯೇ ಮಾಡಿದ ತೀರ್ಮಾನ.

ಪಾಠ ಹೇಗೆ ನಡೆಯುತ್ತದೆ ಎಂಬುದೂ ಮುಖ್ಯ. ಪ್ರಾಥಮಿಕದಲ್ಲಿ ಮಗು ಎಲೆಗಳು ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಗೆ ‘ಉಸನಿಸಿನೂರು’ ಎಂದು ಕಲಿಯುತ್ತದೆ. ಮಾಧ್ಯಮಿಕಕ್ಕೆ ಹೋದಾಗ ಹಲಗೆಯ ಮೇಲೆ ‘ಫೋಟೊಸಿಂಥೆಸಿಸ್’. ಎರಡೂ ಒಂದೇ ಎಂದು ಹೇಳುವವರಿಲ್ಲದಿದ್ದರೆ ಗೊತ್ತಿದ್ದ ವಿಷಯವೂ ಗೊತ್ತಿಲ್ಲದ್ದಾಗುತ್ತದೆ. ಸೇರಿದ ಹೊಸತರಲ್ಲಿ ಕೆಲವು ವಾರಗಳ ಇಂಗ್ಲಿಷ್ ತರಬೇತಿ ಇದೆ, ಏಳು ವರ್ಷದ ಕಂದಕ ಅದರಿಂದ ತುಂಬುವುದಲ್ಲ. ಅಧ್ಯಾಪಕರು ಒಳಗಿಂದೊಳಗೆ ಸ್ವಾಹಿಲಿಯಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಸುತ್ತಾರೆ, ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. 2012ರ ನಾಲ್ಕನೆಯ ವರ್ಷದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸಾಗಿ ದೇಶವೇ ಬೆಚ್ಚಿತು, ಪ್ರಧಾನಿ ವಿಚಾರಣಾ ಸಮಿತಿ ನೇಮಿಸಿ ಫಲಿತಾಂಶವನ್ನು ಮರುಲೆಕ್ಕ ಹಾಕಿಸಬೇಕಾಯಿತು. ಕಾರಣ ಭಾಷೆಯೊಂದೇ ಅಲ್ಲ, ಅಧ್ಯಾಪಕರೂ ಪ್ರಯೋಗಶಾಲೆಯೂ ಇಲ್ಲದ ಶಾಲೆಗಳು ಬೇಕಾದಷ್ಟಿದ್ದವು. ಆದರೆ ಅದೇ ಪ್ರಶ್ನೆಗಳನ್ನು ಸ್ವಾಹಿಲಿಯಲ್ಲಿ ಕೊಟ್ಟಾಗ ಮಕ್ಕಳು ಹೆಚ್ಚು ಚೆನ್ನಾಗಿ ಉತ್ತರಿಸುತ್ತಾರೆ ಎಂಬುದು ಬ್ರಿಸ್ಟಲ್ ಮತ್ತು ದೊಡೊಮಾ ವಿಶ್ವವಿದ್ಯಾಲಯಗಳವರು ಸೇರಿ ಮಾಡಿದ ಅಧ್ಯಯನದಲ್ಲಿ ಕಂಡಿತು.

ಹಣ ಇದ್ದವರು ದಾರಿ ಕಂಡುಕೊಂಡಿದ್ದಾರೆ. ಅವರ ಮಕ್ಕಳು ಒಂದನೆಯ ತರಗತಿಯಿಂದಲೇ ಖಾಸಗಿ ಇಂಗ್ಲಿಷ್ ಮಾಧ್ಯಮ. ಈ ದೃಶ್ಯವನ್ನು ನಾವು ಯಾರಿಗೂ ವರ್ಣಿಸಬೇಕಾಗಿಲ್ಲ.

ಹಾಗಾದರೆ ಎಲ್ಲವನ್ನೂ ಸ್ವಾಹಿಲಿಗೆ ತಂದರೆ ಮುಗಿಯಿತೇ? ಕಲಿಕೆ ಸುಧಾರಿಸೀತು. ಆದರೆ ವಿಶ್ವವಿದ್ಯಾಲಯವೂ ಒಳ್ಳೆಯ ಕೆಲಸಗಳೂ ಇಂಗ್ಲಿಷಿನಲ್ಲೇ ಉಳಿದರೆ, ಸರಕಾರಿ ಶಾಲೆಯ ಹುಡುಗಿಯ ಕೈಯಿಂದ ಬೀಗದ ಕೈಯನ್ನೂ ಕಿತ್ತುಕೊಂಡಂತಾಗುತ್ತದೆ. ಅವಳ ಹಟಕ್ಕೆ ಈ ಹೆದರಿಕೆಯೇ ಮೂಲ ಎಂದು ನಾವು ತಿಳಿಯುತ್ತೇವೆ. ಮಸಾಯಿ ಹುಡುಗಿಯ ಮಾ ಭಾಷೆಗಂತೂ ಈ ಚರ್ಚೆಯಲ್ಲಿ ಜಾಗವೇ ಇಲ್ಲ. ತುಳು, ಬ್ಯಾರಿ, ಬಡಗ ಮಾತಾಡುವ ನಮ್ಮವರು ಇದನ್ನು ಗಮನಿಸಬೇಕು.

ನಮಗೆ ಹೆಚ್ಚು ಹಿಡಿಸಿದ್ದು ಈ ಜಗಳದ ನಡುವೆ ನಡೆದ ಒಂದು ಸಣ್ಣ ಕೆಲಸ. ಮೇಲೆ ಹೇಳಿದ ವಿಶ್ವವಿದ್ಯಾಲಯಗಳು ಅಲ್ಲಿನ ಪಠ್ಯ ಸಂಸ್ಥೆಯೊಡನೆ ಸೇರಿ ಮಾಧ್ಯಮಿಕದ ಮೊದಲ ವರ್ಷಕ್ಕೆ ಬೇರೆ ಬಗೆಯ ಪಠ್ಯಪುಸ್ತಕ ಮಾಡಿ ನೋಡಿದವು. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ, ಕಷ್ಟದ ಪದಗಳಿಗೆ ಅಲ್ಲೇ ಸ್ವಾಹಿಲಿ ಅರ್ಥ, ಮೊದಲು ಸ್ವಾಹಿಲಿಯಲ್ಲಿ ಚರ್ಚಿಸಿ ಆಮೇಲೆ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ. ಬಾಯಿ ಬಿಡದವಳಿಗೂ ಮೊದಲ ಮಾತಿಗೆ ಜಾಗ ಸಿಗುವುದು ಇಂಥಲ್ಲಿ.

ಗಡಿನಾಡಿನಲ್ಲಿ ಕೇರಳದ 2017ರ ಮಲಯಾಳ ಕಡ್ಡಾಯ ಕಾನೂನು, ತಮಿಳುನಾಡಿನ 2006ರ ತಮಿಳು ಕಲಿಕೆ ಕಾನೂನುಗಳ ಬಗ್ಗೆ ನಾವು ಮನವಿ ಕೊಡುತ್ತಲೇ ಇರಬೇಕು, ಅದು ಬೇರೆ ಕೆಲಸ. ಅದರ ಜೊತೆಗೆ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್ ವಿಜ್ಞಾನಕ್ಕೆ ಸೇರುವ ಹುಡುಗಿಯರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತದ ಕನ್ನಡ-ಇಂಗ್ಲಿಷ್ ಪದಗಳ ಒಂದು ಕಿರುಪುಸ್ತಕ ಮಾಡಲು ಯಾವ ಸರಕಾರದ ಅಪ್ಪಣೆಯೂ ಬೇಡ. ನಿವೃತ್ತ ಅಧ್ಯಾಪಕರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪ್ಲಸ್ ವನ್ ಶುರುವಾಗುವ ನಡುವೆ ಸಿಗುವ ಬೇಸಿಗೆ ರಜೆ ಇದಕ್ಕೆ ಸಾಕು.