ಡಿಗ್ರಿ ಮೇನಲ್ಲಿ, ಕೆಲಸ ಏಪ್ರಿಲ್‌ನಲ್ಲಿ

2013ರಲ್ಲಿ ಒಲಿಂಪಿಕ್ಸ್ ಕೇಳುವಾಗ ‘ಒಮೊತೆನಾಶಿ’ ಅಂತ ತನ್ನ ಆತಿಥ್ಯವನ್ನೇ ಮುಂದಿಟ್ಟ ದೇಶ ಜಪಾನ್. ಅಲ್ಲಿನ ಹುಡುಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದೋಕೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು ಅನ್ಸುತ್ತೆ ಅಲ್ವಾ? ಸತ್ಕಾರ ಊರಲ್ಲೇ ಗೊತ್ತಿರುತ್ತೆ. ರೂಮಿನ ದರ ದಿನದಿನಕ್ಕೆ ಏರಿಳಿಸೋ ಲೆಕ್ಕ, ಇಂಗ್ಲಿಷಿನಲ್ಲಿ ಟೀಮ್ ನಡೆಸೋದು ಕಲಿಯಬೇಕಲ್ಲ! ಟಿಪ್ ಪದ್ಧತಿಯೇ ಇಲ್ಲದ ಊರಿನವಳಿಗೆ ಟಿಪ್ ನಂಬಿ ಬದುಕೋ ವೇಟರ್‌ಗಳ ಜೊತೆ ಇಂಟರ್ನ್‌ಶಿಪ್ ಬೇರೆ.

ನಿಜವಾದ ತಲೆನೋವು ಕೆಲಸದ್ದು. ಜಪಾನಿನ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಫ್ರೆಶರ್‌ಗಳನ್ನ ಓದು ಮುಗಿಯೋ ಮೊದಲೇ ಆರಿಸಿ, ಏಪ್ರಿಲ್ 1ಕ್ಕೆ ಒಟ್ಟಿಗೆ ಸೇರಿಸಿಕೊಳ್ಳುತ್ತವೆ. ಇವಳ ಡಿಗ್ರಿ ಮುಗಿಯೋದು ಮೇನಲ್ಲಿ. ಕ್ಯಾಂಪಸ್ ಪ್ಲೇಸ್‌ಮೆಂಟ್ ನಡೆಯುವಾಗ ನಾವು ಬೇರೆ ಖಂಡದಲ್ಲಿದ್ದ ಹಾಗೆ. ಅದಕ್ಕೇ ಇಂಥವರು ನವೆಂಬರ್‌ನಲ್ಲಿ ಕಪ್ಪು ಸೂಟ್ ಹಾಕ್ಕೊಂಡು ಬಾಸ್ಟನ್ ಕರಿಯರ್ ಫೋರಮ್‌ಗೆ ಓಡ್ತಾರೆ. ಸಾಲುಸಾಲು ಇಂಟರ್‌ವ್ಯೂ. ಅದೃಷ್ಟ ಇದ್ದವರಿಗೆ ಅಲ್ಲೇ ಆಫರ್.