ಅಂಜನಾದ್ರಿಯಲ್ಲಿ ಹೆಬ್ಬೆರಳ ಪಾಠ

ಹೋದ ವರ್ಷ ಮಕ್ಕಳೊಡನೆ ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ್ದೆ. ಕೆಳಗೆ ತುಂಗಭದ್ರೆ, ಬತ್ತದ ಗದ್ದೆ, ಆಚೆ ದಡದಲ್ಲಿ ಹಂಪಿ. ಹುಡುಗನೊಬ್ಬ ತಂದೆಯ ಸ್ಮಾರ್ಟ್‌ಫೋನಿನಲ್ಲಿ ಪನೋರಮಾ ತೆಗೆದ. ದೂರದ ಬೆಟ್ಟ ಚೆನ್ನಾಗಿ ಬಂದಿತ್ತು. ಹತ್ತಿರ ಅಲುಗದೆ ನಿಂತಿದ್ದ ಗೆಳೆಯನಿಗೆ ಮಾತ್ರ ಮೂರು ಕೈ! “ಫೋನ್ ಕೆಟ್ಟಿದೆ ಸರ್” ಎಂದ. ಕೆಟ್ಟಿರಲಿಲ್ಲ.

ಒಂದು ಪ್ರಯೋಗ ಮಾಡಿ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ. ಕೈ ಚಾಚಿದರೆ ಜಿಗಿತ ಕಡಿಮೆ. ಇದೇ ಪ್ಯಾರಲಾಕ್ಸ್. ಪನೋರಮಾ ಒಂದೇ ಚಿತ್ರವಲ್ಲ. ಅಜ್ಜಿಯ ಕೌದಿಯಂತೆ ಹಲವು ಚಿತ್ರಗಳ ಹೊಲಿಗೆ. ತೋಳು ಚಾಚಿ ಫೋನ್ ಬೀಸಿದರೆ ಲೆನ್ಸಿನ ಜಾಗ ಬದಲಾಗಿ, ಹತ್ತಿರದ ವಸ್ತು ಹೆಚ್ಚು ಸರಿಯುತ್ತದೆ. ಹೊಲಿಗೆ ಕೂಡುವುದಿಲ್ಲ.

ಆದ್ದರಿಂದ ಫೋನನ್ನು ಮೈಗೆ ಹತ್ತಿರ ಹಿಡಿದು, ಲೆನ್ಸು ಇದ್ದಲ್ಲೇ ಇರುವಂತೆ, ಅದರ ಸುತ್ತ ನೀವೇ ನಿಧಾನವಾಗಿ ತಿರುಗಿ. ಬಾಣದ ಗುರುತು ಗೆರೆ ಬಿಟ್ಟು ಜಾರದಿರಲಿ. ಹತ್ತಿರದಲ್ಲಿ ಯಾರೂ ಬೇಡ. 1112ರ ಇಟಗಿ ಮಹಾದೇವ ದೇವಾಲಯದಂಥ ಕಟ್ಟಡವನ್ನು ದೂರದಿಂದಲೇ ತೆಗೆಯಿರಿ. ಹತ್ತಿರದಿಂದ ತೆಗೆದರೆ ನೇರ ಗೋಡೆಯೂ ಬಿಲ್ಲಿನಂತೆ ಬಾಗುತ್ತದೆ. ಗೋಡೆಯ ನಡುಭಾಗ ನಿಮಗೆ ಹತ್ತಿರ, ತುದಿಗಳು ದೂರ ಎಂಬುದೇ ಕಾರಣ.

ಪಾಲಕರಿಗೊಂದು ಮಾತು. ಚಿತ್ರ ತೆಗೆಯುವವನ ಕಣ್ಣು ಫೋನಿನ ಮೇಲೆ, ಕಾಲು ಬಂಡೆಯ ಮೇಲೆ. ಅಂದು ಆ ಹುಡುಗ ಹಿಂದಕ್ಕೆ ಹೆಜ್ಜೆಯಿಟ್ಟಾಗ ಅಂಚಿಗೆ ಉಳಿದಿದ್ದುದು ಎರಡೇ ಗೇಣು. ಅಂಗಿ ಹಿಡಿದು ಎಳೆದೆ. ಅಂದಿನಿಂದ ನಮ್ಮ ಪ್ರವಾಸದ ನಿಯಮ: ಚಿತ್ರ ತೆಗೆಯಲು ಒಬ್ಬ, ಅವನನ್ನು ಕಾಯಲು ಒಬ್ಬ.